ಗಿರಣಿ ಕಡೆ ತಿರುಗಿದ ಮುಳ್ಳು

ಹೂವಿನಹಡಗಲಿ ತಾಲ್ಲೂಕಿನ ಹೊಳೆದಂಡೆಯ ಊರೊಂದಕ್ಕೆ ಎಂಬತ್ತೆರಡರಲ್ಲಿ ಸರ್ಕಾರದ ನೆರೆ ದೋಣಿ ಬಂತು. ಮೋಟಾರು ದೋಣಿ, ಅದರಲ್ಲೊಂದು ವೈರ್‌ಲೆಸ್. ದಂಡೆಯ ತಗಡಿನ ಶೆಡ್ಡಿನಲ್ಲಿ ಅದರೊಡನೆ ಮಾತಾಡಲು ಇನ್ನೊಂದು ಪೆಟ್ಟಿಗೆ, ಮೇಲೊಂದು ದಿಕ್ಕು ತೋರಿಸುವ ಮುಳ್ಳು. ದೋಣಿ ಹೊಳೆಯಲ್ಲಿ ಎಲ್ಲೇ ಇರಲಿ, ಅದರ ರೇಡಿಯೊ ಸಂಕೇತ ಹಿಡಿದು ಪೆಟ್ಟಿಗೆಯ ಮುಳ್ಳು ಆ ದಿಕ್ಕಿಗೆ ತಿರುಗಬೇಕು.

ಪೆಟ್ಟಿಗೆಯ ಉಸ್ತುವಾರಿ ಪಾಲಾಕ್ಷಪ್ಪನದು. ಬೆಂಗಳೂರಿನಲ್ಲಿ ತರಬೇತಿ ಪಡೆದು ಬಂದವನೆಂಬ ಬಿಗುಮಾನ ಬೇರೆ. ಮನೆಯಲ್ಲಿ ನೀರು ಕೇಳುವಾಗಲೂ ವೈರ್‌ಲೆಸ್ಸಿನಲ್ಲಿ ಮಾತು ಮುಗಿಸುವಂತೆ ಕೊನೆಗೆ ‘ಓವರ್’ ಅನ್ನುತ್ತಿದ್ದ.

ಮುಳ್ಳು ಮಾತ್ರ ಅವನ ಮಾನ ಕಳೆಯಿತು. ದೋಣಿ ಎತ್ತ ಹೋದರೂ ಅದು ಊರೊಳಗಿನ ಗುರುಬಸಮ್ಮನ ಹಿಟ್ಟಿನ ಗಿರಣಿಯತ್ತ ತಿರುಗಿ ನಿಲ್ಲುತ್ತಿತ್ತು. ಮಾತಾಡಲು ಹೋದರೆ ಕಡಲೆ ಹುರಿದಂಥ ಚರಚರ. ತಾಲ್ಲೂಕಿನ ಸಾಹೇಬರು ಬಂದು ಎದುರಿಗೇ ಕಟ್ಟಿದ್ದ ದೋಣಿಯನ್ನೂ ನೋಡಿದರು, ಮುಳ್ಳನ್ನೂ ನೋಡಿದರು. ಸರ್ಕಾರದ ಮುಳ್ಳು ತಪ್ಪು ತೋರಿಸುವುದುಂಟೇ? ತಪ್ಪು ಗಿರಣಿಯದೇ ಎಂದು ಅದನ್ನು ಮುಚ್ಚಿಸಿ ಜೀಪು ಹತ್ತಿದರು.

ಗುರುಬಸಮ್ಮ ನೇರ ಶೆಡ್ಡಿಗೆ ಬಂದಳು.

“ನಿನ್ನ ಮುಳ್ಳು ನನ್ನ ಗಿರಣಿ ನೋಡಿದ್ರ ನಾನೇನು ಮಾಡ್ಲಪಾ? ಊರ ಮಂದಿ ಜ್ವಾಳ ಹಂಗ ಮುಕ್ಕಬೇಕೇನು?”

“ಟೆಕ್ನಿಕಲ್ ಐತ್ರಿ ಅಕ್ಕಾ. ನಿಮಗ ತಿಳಿಯಂಗಿಲ್ಲ.”

“ನಿನಗ ತಿಳದೈತೇನು?”

ಪಾಲಾಕ್ಷಪ್ಪ ಪೆಟ್ಟಿಗೆಯ ಧೂಳು ಒರೆಸಿದ.

ಮಧ್ಯಾಹ್ನ ಹೆಂಡತಿ ನೀಲಗಂಗಮ್ಮ ಬರೀ ಅನ್ನ ಬಡಿಸಿ, “ಗಿರಣಿ ತೆಗೀಲಿ, ರೊಟ್ಟಿ ಬಡೀತೀನಿ. ಓವರ್” ಎಂದಳು.

ಗಿರಣಿ ನಿಂತ ಮೇಲೆ ಮುಳ್ಳು ದಿಕ್ಕುಗೆಟ್ಟು ಗರಗರ ಸುತ್ತತೊಡಗಿತು. ಆಗ ಪಾಲಾಕ್ಷಪ್ಪನಿಗೆ ಹೊಳೆಯಿತು: ದೋಣಿಯ ಸಂಕೇತ ದಂಡೆಗೆ ಮುಟ್ಟುತ್ತಲೇ ಇಲ್ಲ, ಇಷ್ಟು ದಿನ ಮುಳ್ಳು ಹಿಡಿದದ್ದು ಗಿರಣಿ ಮೋಟಾರಿನ ಕಿಡಿಯ ಗದ್ದಲವನ್ನು. ಬೂಟು ಕಳಚಿ, ಮೊದಲ ಸಲ ದೋಣಿಗೆ ಇಳಿದ. ಬ್ಯಾಟರಿ ಸರಿಯಿತ್ತು. ಆಂಟೆನಾದ ತಂತಿಯನ್ನು ಬೆರಳಲ್ಲಿ ಸವರುತ್ತ ಹೋದ. ಆಂಟೆನಾ ಕಂಬದ ಬುಡದಲ್ಲಿ ಯಾರೋ ತಂತಿಗಳನ್ನು ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ್ದರು. ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಕೆರೆದು ಬೆಸುಗೆ ಹಾಕಿದ. ಇಂಜಿನ್ನಿನ ವೈರಿನ ಜೊತೆ ಒಟ್ಟಿಗೆ ಬಿಗಿದಿದ್ದ ತಂತಿಯನ್ನು ಬಿಡಿಸಿ ದೂರ ಎಳೆದ. ಚರಚರ ಅಡಗಿತು. ಪರೀಕ್ಷೆಗೆಂದು ತೆಗೆಸಿದ ಗಿರಣಿ ಮತ್ತೆ ಗಡಗಡ ಶುರುವಾದರೂ ಮುಳ್ಳು ದೋಣಿಯನ್ನು ಬಿಟ್ಟು ಅಲುಗಲಿಲ್ಲ.

ತಾವೇ ರಿಪೇರಿ ಮಾಡಿಸಿದ್ದೆಂದು ತೋರಿಸಲು ತಾಲ್ಲೂಕು ಸಾಹೇಬರು ಬಳ್ಳಾರಿಯ ದೊಡ್ಡ ಸಾಹೇಬರನ್ನು ಕರೆತಂದರು. ದೋಣಿ ನಡೆಸುವ ಓಬಣ್ಣ ನೀರಿನ ಮಟ್ಟ ನೋಡಲು ಹೊಳೆಯ ಮೇಲ್ಗಡೆ ಹೋಗಿದ್ದಾನೆಂದು ಹೇಳಿದರು. ಮುಳ್ಳು ಮಾತ್ರ ಆಚೆ ದಂಡೆಯಲ್ಲಿ ಹೊಳೆಯ ಕೆಳಗಡೆಗೆ ತೋರಿಸಿತು. ದೋಣಿಯ ವೈರ್‌ಲೆಸ್ಸಿನಲ್ಲಿ ಮಾತಾಡಲು ಒತ್ತುವ ಗುಂಡಿಯ ಮೇಲೆ ಏನೋ ಕೂತಿತ್ತೆಂದು ಕಾಣುತ್ತದೆ, ಕರೆಯುವ ಮೊದಲೇ ಓಬಣ್ಣನ ದನಿ ಗಂಟೆಯಂತೆ ಕೇಳಿಸಿತು:

“ಮಲ್ಲಿಗಿ ಪುಟ್ಟಿ ಹಗೂರ ಇಳಸ್ರಿ. ತಾಲ್ಲೂಕು ಸಾಹೇಬ್ರ ಮಗಳ ಮದುವಿ ಹೂವು ಅವು.”

ತಾಲ್ಲೂಕು ಸಾಹೇಬರು ಕರ್ಚೀಫು ತೆಗೆದರು. “ಪೆಟ್ಟಿಗಿ ಇನ್ನೂ ಸರಿ ಆಗಿಲ್ಲ ಸರ್.”

“ಹೌದೇನಪ್ಪಾ?” ದೊಡ್ಡ ಸಾಹೇಬರು ಪಾಲಾಕ್ಷಪ್ಪನತ್ತ ತಿರುಗಿದರು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ತನ್ನ ಬೆಸುಗೆಗೆ ಹೆಸರಿಡುವುದನ್ನು ಅವನು ಹೇಗೆ ಸಹಿಸಿಯಾನು? “ಪೂರಾ ಸರಿ ಐತ್ರಿ. ಬೇಕಾದ್ರ ಕೇಳ್ರಿ” ಎಂದು ದನಿ ಏರಿಸಿದ.

“ಬಳ್ಳಾರಿ ಸಾಹೇಬ್ರಿಗೂ ಎರಡು ಪುಟ್ಟಿ ತಗದಿಡ್ರಿ,” ಎಂದಿತು ಪೆಟ್ಟಿಗೆ.

ದೊಡ್ಡ ಸಾಹೇಬರು ಸ್ವತಃ ಬಾಗಿ ಸ್ವಿಚ್ಚು ಆರಿಸಿದರು. “ಈ ಯಂತ್ರ ನಂಬುವ ಹಾಗಿಲ್ಲ,” ಎಂದರು.

ಪಾಲಾಕ್ಷಪ್ಪನನ್ನು ಕೂಡ್ಲಿಗಿಗೆ ವರ್ಗ ಮಾಡಿದರು. ಅಲ್ಲಿ ಹೊಳೆಯಿಲ್ಲ, ದೋಣಿಯಿಲ್ಲ, ವೈರ್‌ಲೆಸ್ಸಂತೂ ಇಲ್ಲವೇ ಇಲ್ಲ. ಬಸ್ಸು ಹತ್ತುವಾಗ ಗುರುಬಸಮ್ಮ ಜೋಳದ ಹಿಟ್ಟಿನ ಗಂಟು ಕೊಟ್ಟು, “ಬೆಸುಗಿ ಒಂಚೂರು ಸಡಿಲ ಹಾಕಬೇಕಿತ್ತಪಾ” ಎಂದಳು. ವರ್ಗಕ್ಕಿಂತ ಆ ಮಾತೇ ಅವನನ್ನು ಹೆಚ್ಚು ನೋಯಿಸಿತು. ಬಿಗಿಯಾದ ಬೆಸುಗೆ ಹಾಕುವ ಕ್ರಮವನ್ನು ದಾರಿಯುದ್ದಕ್ಕೂ ನೀಲಗಂಗಮ್ಮನಿಗೆ ವಿವರಿಸಿದ. ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು.