ಒಂದೇ ಬಟ್ಟಲು

ಸುಮ್ಮನೆ ಕೂತಾಗಲೂ ನನ್ನ ಬಲಗಾಲು ಮಗ್ಗ ತುಳಿಯುತ್ತಿತ್ತು. ಮಗ್ಗ ಕೈಬಿಟ್ಟಿತ್ತು, ಮಗಳು ಮಣ್ಣಿಗೆ ಹೋಗಿದ್ದಳು. ಕಾಲಿಗೆ ಮಾತ್ರ ಯಾರೂ ಸುದ್ದಿ ಹೇಳಿರಲಿಲ್ಲ.

ನಮ್ಮ ಚರ್ಚಿನ ಸಭೆಯವರೇ ದುಡಿಯುತ್ತಿದ್ದ ನೇಕಾರಿಕೆ ಶೆಡ್ಡಿನಲ್ಲಿ ಎಲೀಯನ ಮಗ್ಗ ನನ್ನ ಪಕ್ಕದ್ದು. ಚರ್ಚಿನ ಬೆಂಚಿನಲ್ಲೂ ಅವನ ಜಾಗ ನನ್ನ ಪಕ್ಕಕ್ಕೇ. ನನ್ನ ಮಗಳು ಸಲೋಮಿಯ ದೀಕ್ಷಾಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತವನೂ ಅವನೇ. ಒಂದು ಸಂಜೆ ಅವನ ಕೈಯಿಂದ ದೀಪ ಉರುಳಿ ನೂಲಿನ ಕೋಣೆ ಸುಟ್ಟಿತು. ವಿಚಾರಣೆಯಲ್ಲಿ ಅವನು ನನ್ನ ಹೆಸರು ಹೇಳಿದ. ನನ್ನ ಸಿಟ್ಟಿನ ಬಾಯಿ ಎಲ್ಲರಿಗೂ ಗೊತ್ತಿತ್ತು, ನಂಬಿಬಿಟ್ಟರು. ಕೆಲಸ ಹೋಯಿತು. ಅದೇ ಮಳೆಗಾಲದಲ್ಲಿ ಸಲೋಮಿ ಜ್ವರದಿಂದ ತೀರಿಕೊಂಡಳು.

ನಾನು ಅಳಲಿಲ್ಲ. ಪ್ರಾರ್ಥನೆ ಬಿಟ್ಟೆ.

ಸಭಾಪಾಲಕರು ಮನೆಗೆ ಬಂದು, "ಎಲ್ಲಾದರಾಗೂ ದೇವರದೊಂದು ಉದ್ದೇಶ ಇರ್ತದಪ್ಪಾ" ಎಂದರು.

"ಹಂಗಾರ ಹೇಳ್ರಿ ಅಯ್ಯನೋರ, ಏನದು? ನಿಮಗರೆ ಹೇಳ್ಯಾನೇನು?"

"ಇಲ್ಲ. ನನಗೂ ಹೇಳಿಲ್ಲ" ಎಂದು ನೀರು ಕುಡಿದು ಎದ್ದರು.

ಯೇಸುವಿನ ನೆನಪಿಗೆ ರೊಟ್ಟಿ ಮುರಿದು ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ ಬಂತು. ಹೆಂಡತಿ ನವೋಮಿ ಸೆರಗು ಸರಿಮಾಡಿಕೊಳ್ಳುತ್ತಾ, "ನಿನ್ನ ಗಂಡ ದೇವರ ಜೋಡಿ ಮಾತು ಬಿಟ್ಟಾನೇನು ಅಂತ ಮಂದಿ ಕೇಳ್ತಾರ" ಎಂದಳು.

"ಬಿಟ್ಟಾನ ಅನ್ನು. ಅವನರೆ ಎಲ್ಲಿ ಮಾತಾಡ್ಯಾನ?"

ಆದರೂ ಹೋದೆ. ನಮ್ಮಲ್ಲಿ ಎಲ್ಲರಿಗೂ ಒಂದೇ ಬಟ್ಟಲು. ಕುಡಿದವನು ತನ್ನ ಕೈಯಾರೆ ಪಕ್ಕದವನಿಗೆ ಕೊಡಬೇಕು; ಮನಸ್ಸು ಶುದ್ಧವಿಲ್ಲದವನು ಕುಡಿಯದೆ ದಾಟಿಸಬೇಕು. ಎಲೀಯನ ಕೈಯಿಂದ ಬಂದದ್ದನ್ನು ಮುಟ್ಟದೆ ಎದ್ದುಬಿಡಬೇಕು, ಮತ್ತೆಂದೂ ಆ ಹೊಸ್ತಿಲು ತುಳಿಯಬಾರದು ಎಂದು ನಿಶ್ಚಯಿಸಿಯೇ ಹೋಗಿದ್ದೆ.

ಬಟ್ಟಲು ನಮ್ಮ ಸಾಲಿಗೆ ಬಂತು. ಬೆಂಚಿನ ಕೆಳಗೆ ನನ್ನ ಕಾಲು ಇಲ್ಲದ ಮಗ್ಗ ತುಳಿಯುತ್ತಿತ್ತು. ಎಲೀಯ ಬಟ್ಟಲನ್ನು ಬಾಯಿಯವರೆಗೆ ಎತ್ತಿದ. ಕುಡಿಯದೆ ಇಳಿಸಿ ನನ್ನ ಕಡೆ ಚಾಚಿದ. ಸಾಲಿನಲ್ಲಿದ್ದವರೆಲ್ಲ ನೋಡಿದರು. ಯಾರೂ ಏನೂ ಕೇಳಬೇಕಾಗಿರಲಿಲ್ಲ. ನೂಲಿನ ಕೋಣೆ ಸುಟ್ಟವರು ಯಾರೆಂದು ಆ ಕ್ಷಣಕ್ಕೆ ಎಲ್ಲರಿಗೂ ತಿಳಿಯಿತು.

ನಾನು ಕಾದದ್ದು ಇದನ್ನೇ. ಆದರೆ ಎದೆಯೊಳಗೆ ಏನೂ ಅಲುಗಲಿಲ್ಲ. ಏಳಲೂ ಆಗಲಿಲ್ಲ. ಬಟ್ಟಲನ್ನು ತಿರುಗಿ ಅವನ ಮುಂದೆ ಹಿಡಿದೆ.

"ಕುಡಿ."

"ನಾ ಹ್ಯಾಂಗ ಕುಡೀಲಿ ಅಣ್ಣಾ?"

"ನಾ ಏನು ನಿನ್ನ ಕ್ಷಮಿಸಿಲ್ಲ. ಇದು ನನ್ನ ಮನೀದಲ್ಲ, ಬ್ಯಾಡ ಅನ್ನಾಕ ನಾ ಯಾವಾಂವ? ಕುಡಿ ಅಂದೆ."

ಅವನು ಕುಡಿದ. ಅವನ ಬಾಯಿ ತಾಗಿದ ಕಡೆಯಿಂದಲೇ ನಾನೂ ಕುಡಿದೆ. ರುಚಿ ಹತ್ತಲಿಲ್ಲ. ಶಾಂತಿ ಗೀಂತಿ ಏನೂ ಬರಲಿಲ್ಲ. ದೇವರ ಉದ್ದೇಶ ನನಗೆ ಅಂದು ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ತಿಳಿಯದೆಯೇ ಆ ದೇವರ ಕೈಯಲ್ಲಿ ಇದ್ದುಬಿಡಬಹುದು ಎಂಬುದಷ್ಟೇ ಅಂದು ಗೊತ್ತಾದದ್ದು.

ಹಾಡು ಮುಗಿಯಿತು. ಅಯ್ಯನೋರು ಬರಿದಾದ ಬಟ್ಟಲಿನ ಮೇಲೆ ಬಿಳಿ ಬಟ್ಟೆ ಎಳೆದರು. ಕಿಟಕಿಯಿಂದ ಬಂದ ಬಿಸಿಲು ಆ ಬಟ್ಟೆಯ ಮೇಲೆ ಬಿದ್ದು, ಜನ ಎದ್ದು ಹೊರಟ ಮೇಲೂ ಅಲ್ಲೇ ಇತ್ತು.