ಇಪ್ಪತ್ತೆರಡನೆಯ ಬಾಗಿಲು

ಬಹಳ ಹಿಂದೆ, ಊರುಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ನಿದ್ದಿಯವ್ವ ಎಂಬ ದೇವತೆಯೊಬ್ಬಳಿದ್ದಳು. ದೀಪ ಹಚ್ಚುವ ಹೊತ್ತಿಗೆ ಉಡಿಯ ತುಂಬ ನಿದ್ದೆ ಕಟ್ಟಿಕೊಂಡು ಅವಳು ಓಣಿ ಓಣಿ ತಿರುಗುತ್ತಿದ್ದಳು. ಬಲು ನಾಚಿಕೆಯವಳು, ಕರೆಯದೆ ಯಾರ ಮನೆಯೊಳಗೂ ಕಾಲಿಡುವವಳಲ್ಲ. ಬಾಗಿಲ ಮುಂದೆ ನಿಂತು ಬೆರಳ ಗೆಣ್ಣಿನಿಂದ ಮೂರು ಸಲ ಮೆಲ್ಲಗೆ ಬಡಿಯುವಳು. ಒಳಗಿನವರು ‘ಯಾರು?’ ಎಂದರೆ ‘ನಾನು’ ಎನ್ನುವಳು. ಅಗಳಿ ತೆಗೆದರೆ ಒಳಗೆ ಬಂದು ಎಲ್ಲರ ಕಣ್ಣಿಗೂ ಒಂದೊಂದು ಚಿಟಿಕೆ ನಿದ್ದೆ ಹಾಕಿ ಹೋಗುವಳು. ಒಂದು ಊರಿನ ರಾಜನಿಗೆ ಒಮ್ಮೆ ದಯೆ ಉಕ್ಕಿತು. ಮನೆಯಿಲ್ಲದವರಿಗೆಲ್ಲ ಒಂದೇ ವಾರದಲ್ಲಿ ಸೂರು ಕಟ್ಟಿಸಿದ. ಅವಸರದಲ್ಲಿ ಬಾಗಿಲು ಇಡಿಸುವುದನ್ನು ಮರೆತ. ಅಂದು ಸಂಜೆ ನಿದ್ದಿಯವ್ವ ಅಲ್ಲಿಗೂ ಬಂದಳು. ಬಡಿಯಲು ಬಾಗಿಲು ಹುಡುಕಿದಳು. ಸಿಗದೆ, ಉಡಿಯಲ್ಲಿದ್ದ ನಿದ್ದೆಯನ್ನು ಹಾಗೆಯೇ ಹೊತ್ತುಕೊಂಡು ಮರಳಿಹೋದಳು.

ಈ ಕತೆಯನ್ನು ನನಗೆ ಹೇಳಿದವಳು ನನ್ನ ತಂದೆಯ ತಾಯಿ. ಅವಳನ್ನು ನಾನು ಆಯಿ ಎನ್ನುತ್ತಿದ್ದೆ. ಮುಂದೇನಾಯಿತೆಂದು ಪ್ರತಿ ಸಲವೂ ಕೇಳುತ್ತಿದ್ದೆ.

“ಮುಂದಿಂದು ಇನ್ನೂ ಆಗಿಲ್ಲ, ಮಲಕೋ,” ಎನ್ನುತ್ತಿದ್ದಳು ಆಯಿ.

ನನ್ನನ್ನು ಮಲಗಿಸಿದರೂ ತಾನು ಮಾತ್ರ ಎಂದೂ ಮಲಗಿದವಳಲ್ಲ. ತಲೆಬಾಗಿಲಿಗೆ ಅಗಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕುಳಿತೇ ಕಣ್ಣು ಮುಚ್ಚುತ್ತಿದ್ದಳು. ನಿದ್ದಿಯವ್ವ ಬಡಿಯುವ ಸದ್ದು ಎಲ್ಲರಿಗಿಂತ ಮೊದಲು ಕೇಳಿಸಲೆಂದು ಹಾಗೆ ಕೂರುತ್ತಾಳೆ ಎಂದುಕೊಂಡಿದ್ದೆ. ಬೆಳೆದ ಮೇಲೂ ಹಾಗೆಯೇ ಅಂದುಕೊಂಡಿದ್ದೆ ಎಂದು ಹೇಳಿಕೊಳ್ಳಲು ಈಗ ಸಂಕೋಚವಾಗುತ್ತದೆ.

ನಾನು ಪುರಸಭೆಯಲ್ಲಿ ಗುಮಾಸ್ತೆಯಾದೆ. ಲೇಖನಿ ಹಿಡಿದು ಕಿಟಕಿಯಾಚೆ ನೋಡುತ್ತ ಕೂರುವವಳೆಂದು ಅಲ್ಲಿ ಹೆಸರಾಗಿತ್ತು. ಆದರೆ ನನ್ನ ಅಕ್ಷರ ದುಂಡಗಿತ್ತು. ಹಾಗಾಗಿ ಠರಾವುಗಳ ಕರಡೆಲ್ಲ ನನ್ನ ಮೇಜಿಗೇ ಬರುತ್ತಿತ್ತು. ಹಿಂದಿನ ವರ್ಷದ ಮಳೆಗೆ ಹಳ್ಳ ಉಕ್ಕಿ ದಂಡೆಯ ಮೇಲಿನ ಒಂದು ಓಣಿಯೇ ಕೊಚ್ಚಿಹೋಗಿತ್ತು. ಅಲ್ಲಿನ ಇಪ್ಪತ್ತೆರಡು ಮನೆಗಳವರು ಅಂದಿನಿಂದ ಸಂತೆಕಟ್ಟೆಗಳ ಮೇಲೆಯೇ ಸಂಸಾರ ಹೂಡಿದ್ದರು. ಮಂಗಳವಾರ ಸಂತೆ. ಅಂದು ನಸುಕಿನಲ್ಲೇ ಅವರು ಹಾಸಿಗೆ ಸುತ್ತಿ, ಒಲೆಯ ಕಲ್ಲು ಬದಿಗೆ ಸರಿಸಿ ಎದ್ದು ಹೋಗಬೇಕು. ಅವರು ಮಲಗಿದ್ದ ಕಡೆ ಬದನೆಕಾಯಿ, ಮೆಣಸಿನಕಾಯಿಯ ರಾಶಿ ಬೀಳುತ್ತಿತ್ತು. ಸಂಜೆ ಮರಳಿ ಬಂದು ಸೊಪ್ಪಿನ ಕಸ ಗುಡಿಸಿ ಮತ್ತೆ ಮನೆ ಹೂಡಬೇಕು.

ಹೆಸರು ಬರೆದುಕೊಂಡು ಬರಲು ನನ್ನನ್ನು ಅಲ್ಲಿಗೆ ಕಳಿಸಿದ್ದರು. ಕೊನೆಯ ಕಟ್ಟೆಯ ಮೇಲೆ ಶಾವಂತ್ರವ್ವ ಎಂಬವಳಿದ್ದಳು. ಗಂಡ ತೀರಿಕೊಂಡಿದ್ದ, ಹದಿನಾಲ್ಕರ ಮಗಳೊಬ್ಬಳು, ಹೇಮವ್ವ. ನಾನು ಪಟ್ಟಿ ನೋಡಿಕೊಳ್ಳುತ್ತ ನಡೆದು ಅವರ ಎದುರು ಹೋಗಿ ನಿಂತೆ. ಶಾವಂತ್ರವ್ವ ನನ್ನ ಕಾಲನ್ನೊಮ್ಮೆ ನೋಡಿದಳು.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನೀವೀಗ ನಮ್ಮ ಅಡಗಿ ಮನ್ಯಾಗ ಚಪ್ಪಲಿ ಹಾಕ್ಕೊಂಡು ನಿಂತೀರಿ,” ಎಂದಳು.

ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಾನು ಹಿಂದೆ ಸರಿದೆ; ಸರಿದರೆ ಪಕ್ಕದವರ ಹಾಸಿಗೆ. ನೆಲದ ಮೇಲೆ ಎಲ್ಲಿಯೂ ಗೆರೆಯಿರಲಿಲ್ಲ. ಆದರೆ ಅವರಿಗೆಲ್ಲ ಅದು ಕಾಣುತ್ತಿತ್ತು. ತಾಯಿ ಮಗಳು ಸರದಿಯ ಮೇಲೆ ಮಲಗುತ್ತೇವೆಂದು ಆಮೇಲೆ ಶಾವಂತ್ರವ್ವ ಹೇಳಿದಳು. ಮಗಳು ಮಲಗಿದಾಗ ತಾನು ಕೂರುತ್ತಾಳೆ. ಸಂತೆಯ ದಿನ ಬಂಡಿಯವರು ಕುಡಿದು ಅಲ್ಲೇ ಉಳಿದರೆ ಇಬ್ಬರೂ ಕೂರುತ್ತಾರೆ.

“ನಿಮಗ ಮನಿ ಆದ ದಿನ ನಾನ ಬರ್ತೀನಿ. ಬಾಗಲಾ ಬಡದು, ನೀವು ತಗಿಯೂತನಕಾ ಹೊರಗ ನಿಂದರ್ತೀನಿ,” ಎಂದೆ.

“ನೋಡೂಣು,” ಎಂದಳು ಶಾವಂತ್ರವ್ವ.

ಹತ್ತಿ ಮಾರುಕಟ್ಟೆಯ ಹಿಂದೆ ಪುರಸಭೆಯ ಬಯಲೊಂದಿತ್ತು. ಅಲ್ಲಿ ಮನೆ ಕಟ್ಟಲು ಅಡ್ಡಿಯಾದದ್ದು ನಮ್ಮದೇ ನಿಯಮಾವಳಿ. ಯಾವ ಮನೆಗಾದರೂ ಮೂರು ಮೊಳ ಕಲ್ಲಿನ ಬುನಾದಿ ಬೇಕು. ಮನೆಮನೆಯ ನಡುವೆ ಇಷ್ಟು ಜಾಗ ಬೇಕು. ಎರಡು ಕಿಟಕಿ, ಚೌಕಟ್ಟಿನಲ್ಲಿ ಕೂರಿಸಿದ ಬಾಗಿಲು ಬೇಕು. ಇದೆಲ್ಲ ಮುಗಿಯುವಷ್ಟರಲ್ಲಿ ಎರಡು ಮಳೆಗಾಲ ಕಳೆಯುತ್ತಿತ್ತು. ನಮ್ಮ ಮುಖ್ಯಾಧಿಕಾರಿ ಗುರುಪಾದಪ್ಪನವರು ಸಭೆಯನ್ನು ಒಪ್ಪಿಸಿ, ಆ ಇಪ್ಪತ್ತೆರಡು ಮನೆಗಳಿಗಷ್ಟೇ ನಿಯಮ ಸಡಿಲಿಸುವ ಠರಾವು ಬರೆಯಲು ನನಗೆ ಹೇಳಿದರು. ಉತ್ಸಾಹದಿಂದ ಬರೆದೆ. ಬುನಾದಿ ಬಿಟ್ಟೆ, ಅಂತರ ಬಿಟ್ಟೆ, ಕಿಟಕಿ ಒಂದು ಸಾಕೆಂದೆ. ಅಷ್ಟೊಂದು ಬಾಗಿಲು ಮಾಡಲು ಎರಡು ತಿಂಗಳಾದರೂ ಬೇಕೆಂದು ಬಡಿಗರು ಹೇಳಿದ್ದರು. ಮಳೆಗೆ ಎರಡು ತಿಂಗಳಿರಲಿಲ್ಲ. ಬಾಗಿಲನ್ನೂ ಬಿಡಬಹುದೆಂಬ ಸಾಲನ್ನು ನಾನಾಗಿಯೇ ಸೇರಿಸಿದೆ. ಯಾರೂ ಹೇಳಿರಲಿಲ್ಲ. ಗುರುಪಾದಪ್ಪನವರು ಓದಿ, ನಿನಗೂ ಬುದ್ಧಿ ಇದೆಯಲ್ಲ ಎಂದು ಮೆಚ್ಚಿದರು. ಸಂತೆಕಟ್ಟೆಯ ಮೇಲೆ ಆಡಿದ್ದ ಮಾತು ಆ ಸಾಲು ಬರೆಯುವಾಗ ನನ್ನ ನೆನಪಿಗೆ ಬರಲಿಲ್ಲ.

ಠರಾವು ಜಾರಿಯಾಗುವ ಮೊದಲು ಮೂವತ್ತು ದಿನ ಜನರ ತಕರಾರಿಗೆ ಬಿಡಬೇಕಿತ್ತು. ಪುರಸಭೆಯ ಜವಾನ ಮೈಬೂಸಾಬ ಓಣಿ ಓಣಿಯಲ್ಲಿ ಡಂಗುರ ಹೊಡೆದು ಒಂದೊಂದೇ ಸಾಲು ಕೂಗಿ ಹೇಳಿದ. ಇಪ್ಪತ್ತೆಂಟು ದಿನ ಯಾರೂ ಉಸಿರೆತ್ತಲಿಲ್ಲ. ಇಪ್ಪತ್ತೊಂಬತ್ತನೆಯ ದಿನದ ಟಪಾಲಿನಲ್ಲಿ ಒಂದು ಅರ್ಜಿ ಬಂತು. ಕಚೇರಿಯ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುವವನ ಅಕ್ಷರ. ‘ಉಳಿದದ್ದೆಲ್ಲ ಬಿಡಬಹುದು. ಬಾಗಿಲು ಬಿಡಲು ನನ್ನ ತಕರಾರಿದೆ.’ ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ಅದರ ಪಕ್ಕ ಹೆಸರು: ನಿಂಬೆವ್ವ. ವಿಳಾಸ ನಮ್ಮ ಮನೆಯದೇ.

ನಮ್ಮ ಆಯಿ.

ತಕರಾರು ದಾಖಲಾದರೆ ವಿಚಾರಣೆ, ತಿದ್ದುಪಡಿ, ಮತ್ತೆ ಮೂವತ್ತು ದಿನ, ಮಳೆ ಕಾಯುವುದಿಲ್ಲ. ಆ ಕಾಗದವನ್ನು ದಾಖಲೆ ಪುಸ್ತಕಕ್ಕೆ ಏರಿಸದೆ ಮಡಚಿ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ. ಆಯಿ ಅಂಗಳದಲ್ಲಿ ಅವರೆಕಾಳು ಸುಲಿಯುತ್ತಿದ್ದಳು. ಕಾಗದವನ್ನು ಅವಳ ಮುಂದೆ ಹಿಡಿದೆ. ಯಾಕೆ ಹೀಗೆ ಮಾಡಿದೆ, ಆ ಸಾಲು ಬರೆದವಳು ನಾನೇ ಎಂಬುದು ಗೊತ್ತೇನು, ಆ ಜನ ಮಳೆಯಲ್ಲಿ ನೆನೆಯಬೇಕೇ ಎಂದೆಲ್ಲ ಕೇಳಿದೆ. ಅವಳು ಕಾಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

“ನೀ ಬರದದ್ದು ಅಂತ ಗೊತ್ತಾಗಿದ್ರ ನಿನಗ ಹೇಳ್ತಿದ್ದೆ. ಸರಕಾರ ಬರದೈತಿ ಅಂತ ಸರಕಾರಕ್ಕ ಹೇಳಿದೆ,” ಎಂದಳು.

ಆಮೇಲೆ, ನಾನು ಎಂದೂ ಕೇಳದಿದ್ದ ಕತೆ ಹೇಳಿದಳು. ಅವಳು ಹುಡುಗಿಯಾಗಿದ್ದಾಗ ಅವರ ಕೇರಿಗೆ ಬೆಂಕಿ ಬಿತ್ತಂತೆ. ಊರಿನವರು ಒಳ್ಳೆಯವರು, ವಾರದೊಳಗೆ ತಗಡಿನ ಸೂರು ಹಾಕಿಸಿಕೊಟ್ಟರು. ಮೂರು ಕಡೆ ಬಿದಿರು ತಟ್ಟಿಯ ಗೋಡೆ, ಎದುರಿಗೆ ಬಯಲು. ಮೂರು ತಿಂಗಳ ಮಟ್ಟಿಗೆ ಎಂದಿದ್ದರು. ಹನ್ನೊಂದು ವರ್ಷವಾಯಿತು. ಬಾಗಿಲು ಇರಬೇಕಾದ ಜಾಗದಲ್ಲಿ ಆಯಿ ಕೂರುತ್ತಿದ್ದಳು. ಹಿಂದೆ ಅವಳ ತಂಗಿ ಮಲಗುತ್ತಿದ್ದಳು. ಆಯಿಗೊಬ್ಬ ತಂಗಿಯಿದ್ದಳೆಂಬುದೇ ನನಗೆ ತಿಳಿದಿರಲಿಲ್ಲ.

“ಒಂದ ದಿನ ನನಗ ಕಣ್ಣು ಹತ್ತಿತು. ಒಂದ ದಿನ. ಬೆಳಗಾಗೂದ್ರಾಗ ಆಕಿ ಇರಲಿಲ್ಲ. ಯಾರು ಒಯ್ದ್ರು, ಎಲ್ಲಿಗೆ ಒಯ್ದ್ರು, ಇವತ್ತಿಗೂ ಗೊತ್ತಿಲ್ಲ.” ಕೈಯಲ್ಲಿದ್ದ ಸಿಪ್ಪೆಯನ್ನು ಬದಿಗೆ ಹಾಕಿದಳು. “ಮಳಿ ಮೈ ತೋಯಿಸ್ತೈತಿ, ಮಗಳ. ಆರತೈತಿ.”

ಮಡಿಲಲ್ಲಿದ್ದ ಕಾಳನ್ನು ಮೊರಕ್ಕೆ ಸುರಿದು ಒಳಗೆ ಹೋದಳು. ನಾನು ಅಂಗಳದಲ್ಲಿ ಉಳಿದ ಸಿಪ್ಪೆ ಬಳಿದು ತೆಗೆದೆ. ತೆರೆದಿದ್ದ ತಲೆಬಾಗಿಲಿನ ಒಳಮೈ ಅಲ್ಲಿಂದ ಕಾಣುತ್ತಿತ್ತು. ಒಬ್ಬರ ಬೆನ್ನಿನಷ್ಟು ಅಗಲ ಅದು ಸವೆದು ನುಣುಪಾಗಿತ್ತು.

ಮರುದಿನ ಅರ್ಜಿಯನ್ನು ದಾಖಲೆಗೆ ಏರಿಸಿದೆ. ಗುರುಪಾದಪ್ಪನವರು ಕೆಂಡವಾದರು. ನಿನ್ನಜ್ಜಿಗೆ ಮನೆಯಲ್ಲಿ ಹೇಳಲು ಬರಲಿಲ್ಲವೇ, ಊರಿನ ಮುಂದೆ ಹೇಳಬೇಕಿತ್ತೇ ಎಂದರು. ನಾನು ತಲೆ ತಗ್ಗಿಸಿ ನಿಂತು ಒಂದೇ ಮಾತು ಹೇಳಿದೆ: ಆ ಸಾಲನ್ನು ಹೊಡೆದುಹಾಕಿದರೆ ಹೊಸದಾಗಿ ಏನನ್ನೂ ಸಡಿಲಿಸಿದಂತಾಗುವುದಿಲ್ಲ, ಬಾಗಿಲಿನ ಹಳೆಯ ನಿಯಮ ಇದ್ದಲ್ಲೇ ಇರುತ್ತದೆ, ಮತ್ತೆ ಡಂಗುರ ಬೇಕಾಗುವುದಿಲ್ಲ. ಅವರು ನಿಯಮದ ಪುಸ್ತಕ ತೆಗೆದು ಎರಡು ಸಲ ಓದಿದರು.

“ಹೌದು. ಆದ್ರ ಇಪ್ಪತ್ತೆರಡು ಬಾಗಲಾ ಇಪ್ಪತ್ತು ದಿನದಾಗ ನಿಮ್ಮಜ್ಜಿ ಮಾಡಿಕೊಡ್ತಾಳೇನ?” ಎಂದರು.

ವಿಚಾರಣೆಗೆ ಆಯಿ ಬಂದಳು. ಮೈಬೂಸಾಬ ಕುರ್ಚಿ ತಂದಿಟ್ಟರೂ ಕೂರಲಿಲ್ಲ. ಬಾಗಿಲು ಎಲ್ಲಿಂದ ತರುವುದೆಂದು ಸಭೆಯವರು ಕೇಳಿದರು. ನಮ್ಮ ಊರಿನಲ್ಲೊಂದು ಪದ್ಧತಿಯಿತ್ತು. ಹಳೆಯ ಮನೆ ಕೆಡವಿದರೆ ಕಲ್ಲು ಮಾರಬಹುದು, ತೊಲೆ ಮಾರಬಹುದು. ತಲೆಬಾಗಿಲನ್ನು ಮಾತ್ರ ಮಾರುವಂತಿಲ್ಲ, ಕೊಡುವಂತಿಲ್ಲ, ಒಲೆಗೂ ಹಾಕುವಂತಿಲ್ಲ. ಹಾಗೆ ಮಾಡಿದರೆ ಮನೆಯ ಲಕ್ಷ್ಮಿಯೂ ಜೊತೆಗೆ ಹೋಗುತ್ತಾಳೆಂಬ ಭಯ. ಹೊಸ ಮನೆಗೆ ಹೊಸ ಬಾಗಿಲು ಬಂದ ಮೇಲೆ ಹಳೆಯದು ಚೌಕಟ್ಟಿನ ಸಮೇತ ಹಿತ್ತಲ ಗೋಡೆಗೆ ಒರಗಿ ನಿಲ್ಲುತ್ತಿತ್ತು. ಕೋಳಿಗಳು ಅದರ ಹಿಂದೆ ಮೊಟ್ಟೆಯಿಡುತ್ತಿದ್ದವು.

“ಯಾರೂ ಕೊಡಬ್ಯಾಡ್ರಿ,” ಎಂದಳು ಆಯಿ. “ನಿಮ್ಮ ಬಾಗಲಾ ಹಿತ್ತಲದಾಗ ಸುಮ್ಮನ ನಿಂತಾವು. ಅಲ್ಲಿ ನಿಂತರೇನು, ಹತ್ತಿ ಮಾರ್ಕೆಟಿನ ಹಿಂದ ನಿಂತರೇನು? ನಿಮ್ಮವ ಇರಲಿ, ಅಲ್ಲಿ ನಿಂದರಿಸ್ರಿ, ಅಷ್ಟ. ಲಕ್ಷ್ಮಿ ಬರೇ ಕೋಳಿ ಜೋಡಿ ಎಷ್ಟು ದಿನ ಕುಂದರ್ಬೇಕು?”

ಸಭೆಯಲ್ಲಿ ಯಾರೋ ನಕ್ಕರು. ನಗು ಹಬ್ಬಿತು. ಗುರುಪಾದಪ್ಪನವರು ಮಾತ್ರ ನಗಲಿಲ್ಲ. ಆದರೂ ನಾನು ಬರೆದ ಸಾಲಿನ ಮೇಲೆ ಅವರೇ ಕೆಂಪು ಗೆರೆ ಎಳೆದರು.

ಮೈಬೂಸಾಬ ಮತ್ತೆ ಡಂಗುರ ಹೊತ್ತ. ಈ ಸಲದ್ದು ಯಾವ ನಿಯಮಕ್ಕೂ ಸೇರದ ಡಂಗುರ. ಮೊದಲ ನಾಲ್ಕು ದಿನ ಒಂದು ಬಾಗಿಲೂ ಬರಲಿಲ್ಲ. ಒಬ್ಬರ ಬಾಗಿಲು ಇನ್ನೊಬ್ಬರ ಬಾಗಿಲಿಗಾಗಿ ಕಾಯುತ್ತಿದ್ದಂತಿತ್ತು. ಐದನೆಯ ದಿನ ಮೈಬೂಸಾಬನೇ ತನ್ನ ಮಾವನ ಹಳೆಯ ಬಾಗಿಲನ್ನು ತಲೆಯ ಮೇಲೆ ಹೊತ್ತು ತಂದ. ಆಮೇಲೆ ಬರತೊಡಗಿದವು. ಹಿತ್ತಾಳೆಯ ಗುಬ್ಬಿಮೊಳೆ ಬಡಿದ, ಸಿರಿವಂತರ ವಾಡೆಯ ಬಾಗಿಲು ಬಂತು. ತಟ್ಟಿಯ ಗೋಡೆಯ ನಡುವೆ ಅದು ಬಡವನ ತಲೆಗೆ ಜರತಾರಿ ರುಮಾಲು ಸುತ್ತಿದಂತೆ ಕಂಡಿತು. ಅಂಗಡಿಯೊಂದರ ಹಲಗೆಬಾಗಿಲು ಬಂತು. ಎಲ್ಲರೂ ಬಗ್ಗಿಯೇ ಹೋಗಬೇಕಾದ ಗಿಡ್ಡ ಬಾಗಿಲು ಬಂತು. ಕೆಲವು ಮನೆಯವರು ಕೊನೆಗೂ ಒಪ್ಪಲಿಲ್ಲ. ಒಬ್ಬಾಕೆ ಬಾಗಿಲು ಕಳಿಸಿ, ಮರುದಿನ ಬಂದು ಮರಳಿ ಒಯ್ದಳು. ಅದರ ಮರುದಿನ ಅಳುತ್ತ ಮತ್ತೆ ತಂದಿಟ್ಟಳು.

ತಗಡು ಏರಿತು, ತಟ್ಟಿ ನಿಂತಿತು. ಇಪ್ಪತ್ತೊಂದು ಬಾಗಿಲು ಕೂತವು. ಒಂದು ಮನೆ ಉಳಿಯಿತು. ಚೀಟಿ ಎತ್ತಿ ಮನೆ ಹಂಚಿದ್ದರು. ಉಳಿದದ್ದು ಶಾವಂತ್ರವ್ವನಿಗೆ ಬಂದದ್ದು. ಬಡಗಣದಲ್ಲಿ ಮೋಡ ಕಟ್ಟುತ್ತಿತ್ತು. ನಮ್ಮ ಮನೆಯ ತಲೆಬಾಗಿಲನ್ನೇ ಬಿಚ್ಚಿಸಲು ಆಯಿ ಬಡಿಗನನ್ನು ಕರೆಸಿದ್ದಳು. ಅವನು ಉಳಿ ತೆಗೆದಿದ್ದ.

ಅಷ್ಟರಲ್ಲಿ ಬಯಲಿನ ಕಡೆಯಿಂದ ಮೈಬೂಸಾಬ ಬಂದು, ಬಾಗಿಲು ಸಿಕ್ಕಿತೆಂದ. ಹೋಗಿ ನೋಡಿದರೆ ಕೈಗಾಡಿಯ ಮೇಲೆ ತೇಗದ ಹಳೆಯ ಬಾಗಿಲು, ಚೌಕಟ್ಟಿನ ಸಮೇತ. ಚೌಕಟ್ಟಿನ ಒಂದು ಬದಿಯಲ್ಲಿ ಮಕ್ಕಳ ಎತ್ತರ ಅಳೆದು ಚಾಕುವಿನಿಂದ ಗೀಚಿದ ಗೆರೆಗಳು. ಒಂದೊಂದು ಗೆರೆಯ ಪಕ್ಕ ಒಂದೊಂದು ಹೆಸರು. ಎಲ್ಲಕ್ಕಿಂತ ಕೆಳಗಿನ ಗೆರೆಯ ಪಕ್ಕ ಸೊಟ್ಟ ಅಕ್ಷರದಲ್ಲಿ ‘ಗುರುಪಾದ’ ಎಂದಿತ್ತು.

ಮರುದಿನ ಮಧ್ಯಾಹ್ನ ಮೊದಲ ಮಳೆ ಬಿತ್ತು. ನಾನು ಹೊರಟಾಗ ಆಯಿಯೂ ತಲೆಗೆ ಗೋಣಿ ಹೊದ್ದು ಜೊತೆಗೆ ಬಂದಳು. ಬಯಲಿನ ಕೊನೆಯ ಮನೆಯ ಮುಂದೆ ಇಬ್ಬರೂ ನಿಂತೆವು. ತೇಗದ ಬಾಗಿಲು ಮುಚ್ಚಿತ್ತು. ತಗಡಿನ ಮೇಲೆ ಮಳೆಯ ಸದ್ದು ಜೋರಾಗಿತ್ತು. ಚಪ್ಪಲಿ ಬಿಟ್ಟು, ಬೆರಳ ಗೆಣ್ಣಿನಿಂದ ಮೂರು ಸಲ ಬಡಿದೆ.

ಒಳಗೆ ಎಲ್ಲ ಸ್ತಬ್ಧವಾಯಿತು. ಒಂದು ವರ್ಷದಿಂದ ಅವರ ಮನೆಯ ಬಾಗಿಲನ್ನು ಯಾರೂ ಬಡಿದಿರಲಿಲ್ಲ. ಬಡಿದರೆ ಏನು ಮಾಡಬೇಕೆಂಬುದು ತಟ್ಟನೆ ನೆನಪಾಗಲಿಲ್ಲವೇನೋ. ಆಮೇಲೆ ಹೇಮವ್ವನ ದನಿ ಕೇಳಿತು.

“ಯಾರು?”

ಉತ್ತರಿಸಲು ಬಾಯಿ ತೆರೆದೆ. ಆಯಿ ನನ್ನ ಕೈ ಹಿಡಿದಳು.

“ನಾನು,” ಎಂದಳು ಅವಳೇ.

“ತಡೀರಿ, ಬಂದೆ,” ಎಂದಳು ಒಳಗಿನಿಂದ ಶಾವಂತ್ರವ್ವ. ಪಾತ್ರೆ ಸರಿಸಿದ ಸದ್ದಾಯಿತು. ಚಾಪೆ ಸುತ್ತಿದ ಸದ್ದಾಯಿತು. ಅವಳು ಸ್ವಲ್ಪವೂ ಅವಸರ ಮಾಡಲಿಲ್ಲ. ಆಯಿ ಚೌಕಟ್ಟಿನ ಗೆರೆಗಳ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಅಗಳಿ ಸರಿಯುವ ತನಕ ನಾವು ಮಳೆಯಲ್ಲಿ ಹೊರಗೆ ನಿಂತು ಕಾದೆವು.