ಇತರೆ ಗೃಹಬಳಕೆ ವಸ್ತುಗಳು

ಗಬ್ಬೂರಿನ ಬಂಡೆಮ್ಮನ ಮನೆಯಲ್ಲಿ ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ಗ್ರಾಂ ಜೀರಿಗೆ ಖರ್ಚಾಯಿತು ಎಂಬುದು ದೇಶದ ಮುಂದಿದ್ದ ಪ್ರಶ್ನೆಯಾಗಿತ್ತು. ಇದಕ್ಕಾಗಿ ದೆಹಲಿಯಲ್ಲಿ ತಜ್ಞರು ಸಭೆ ಸೇರಿದ್ದರು, ಬೆಂಗಳೂರಿನಲ್ಲಿ ತರಬೇತಿ ನಡೆದಿತ್ತು, ರಾಯಚೂರಿನಲ್ಲಿ ಹೂಗುಚ್ಛ ಕೊಟ್ಟು ಟ್ಯಾಬ್ ಹಂಚಲಾಗಿತ್ತು. ಈಗ ಮಾನ್ವಿಯ ವಿಶಾಖಾ ಎಂಬ ಇಪ್ಪತ್ತಾರರ ಹುಡುಗಿ ಎರಡು ಬಸ್ಸು ಹತ್ತಿ ಇಳಿದು ಬಂದು, ಬಂಡೆಮ್ಮನ ಪಡಸಾಲೆಯ ಕಂಬಳಿಯ ಮೇಲೆ ಕೂತು ಉತ್ತರಕ್ಕೆ ಕಾಯುತ್ತಿದ್ದಳು.

"ಜೀರಗಿ," ಎಂದು ಬಂಡೆಮ್ಮ ಯೋಚನೆಗೆ ಬಿದ್ದಳು. "ಒಗ್ಗರಣಿಗೆ ಎಷ್ಟು ಬೇಕೋ ಅಷ್ಟು ಬರ್ಕೊಳ್ರಿ ಮೇಡಂ."

"ಗ್ರಾಂ ಲೆಕ್ಕದಾಗ ಹೇಳಬೇಕ್ರಿ ಅಮ್ಮಾರ."

"ಗ್ರಾಂ ಲೆಕ್ಕದಾಗ ಕೊಡಾಕ ನಾ ಏನು ಬಂಗಾರದ್ದು ಒಗ್ಗರಣಿ ಕೊಡ್ತೀನೇನ್ರಿ? ಐವತ್ತು ಹಾಕ್ರಿ, ಹೋಗ್ಲಿ. ನಿಮ್ಮನ್ಯಾಗ ಎಷ್ಟು?"

ವಿಶಾಖಾ ತನ್ನ ಮನೆಯ ಜೀರಿಗೆಯ ಲೆಕ್ಕ ಹೇಳಿದಳು. ಬಂಡೆಮ್ಮ ಕೇಳಿಸಿಕೊಂಡು ತಲೆದೂಗಿದಳು. ಬೆಳಿಗ್ಗೆಯಿಂದ ಸಮೀಕ್ಷೆ ನಡೆದದ್ದೇ ಹೀಗೆ. ಒಂದು ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಅದೇ ಪ್ರಶ್ನೆಯನ್ನು ಎದುರಿನವರಿಗೆ ಕೇಳದಿದ್ದರೆ ಅದು ಮಾತುಕತೆಯಲ್ಲ, ಪೊಲೀಸು ವಿಚಾರಣೆ ಎಂಬುದು ಬಂಡೆಮ್ಮನ ಮತ. ತಮ್ಮ ಮನೆಯ ಜೋಳ ಇಷ್ಟು ಎಂದಳು, ವಿಶಾಖಾಳ ಮನೆಯದು ಕೇಳಿದಳು. ಕೊಬ್ಬರಿ ಎಣ್ಣೆ ಹೇಳಿದಳು, ಕೇಳಿದಳು. ಶಾಂಪೂ ಚೀಟಿಯ ಹತ್ತಿರ ಬರುವ ಹೊತ್ತಿಗೆ ದೇಶಕ್ಕೆ ಒಂದು ಮನೆಯ ಮಾಹಿತಿಯೂ ಬಂಡೆಮ್ಮನಿಗೆ ಇನ್ನೊಂದು ಮನೆಯದೂ ಸಮಸಮ ತಲುಪಿದ್ದವು. ವಿಶಾಖಾಳಿಗೆ ಇದರಿಂದ ಬೇಸರವಿರಲಿಲ್ಲ. ಹೀಗೆ ಕೊಟ್ಟು ತೆಗೆದುಕೊಂಡ ಮನೆಗಳಲ್ಲಿ ಸುಳ್ಳು ಕಡಿಮೆ ಎಂಬುದನ್ನು ಅವಳು ಕಂಡುಕೊಂಡಿದ್ದಳು.

ಒಂದು ಮನೆಗೆ ಮೂರು ಭೇಟಿ, ತಿಂಗಳಿಗೊಂದು. ಮೂರರಲ್ಲಿ ಒಂದು ತಪ್ಪಿದರೂ ಆ ಮನೆ ರದ್ದು. ವಿಶಾಖಾಳ ಲೆಕ್ಕದಲ್ಲಿ ಆಗಲೇ ಎರಡು ಮನೆ ರದ್ದಾಗಿದ್ದವು. ಯಾಪಲದಿನ್ನಿಯಲ್ಲಿ ಒಂದು ಕುಟುಂಬ ಬೀಗ ಹಾಕಿಕೊಂಡು ದುಡಿಯಲು ಹೋಗಿಬಿಟ್ಟಿತ್ತು. ಚೀಕಲಪರ್ವಿಯಲ್ಲಿ ಮನೆಯ ಯಜಮಾನ ಎರಡನೆಯ ಭೇಟಿಗೆ ನಾಯಿ ಬಿಟ್ಟಿದ್ದ. ರಾಯಚೂರಿನ ಮೇಲ್ವಿಚಾರಕ ಯಮನೂರಪ್ಪ ಗಟ್ಟಿಯಾಗಿ ಹೇಳಿದ್ದ: "ಎರಡು ನಾ ನೋಡ್ಕೊಂತೀನ್ರಿ. ಮೂರನೇದು ರದ್ದಾದ್ರ ಮುಂದಿನ ಪಟ್ಟಿಯಾಗ ನಿಮ್ಮ ಹೆಸರಿರಂಗಿಲ್ಲ."

ಪಟ್ಟಿಯಲ್ಲಿ ಹೆಸರಿರುವುದೆಂದರೆ ಇನ್ನಾರು ತಿಂಗಳ ಗುತ್ತಿಗೆ. ಈ ಕೆಲಸ ಸಿಕ್ಕ ಮೇಲೆ ಅವಳ ತಾಯಿ ಕನಕಮ್ಮ ಹತ್ತಿ ಬಿಡಿಸಲು ಹೋಗುವುದನ್ನು ಬಿಟ್ಟಿದ್ದಳು. ಮೊಣಕಾಲು ಊದಿದ್ದ ಹೆಂಗಸು ಮಾನ್ವಿಯ ಮನೆಯಲ್ಲಿ ಮೊದಲ ಬಾರಿಗೆ ಬೆಳಿಗ್ಗೆ ಏಳರವರೆಗೆ ಮಲಗಲು ಕಲಿತಿದ್ದಳು. ಗುತ್ತಿಗೆ ನಿಂತರೆ ಅವಳು ನಾಲ್ಕಕ್ಕೆ ಎದ್ದು ಕೂಲಿಯವರ ಟಂಟಂ ಆಟೋ ಹತ್ತಬೇಕು. ಇಷ್ಟೇ ವಿಷಯ.

ಬಂಡೆಮ್ಮನ ಸೊಸೆ ಉಮಾಶ್ರೀ ಚಹಾ ತಂದಳು. ನೀಲಿ ಹೂವಿನ ಪಿಂಗಾಣಿ ಕಪ್ಪು, ಅದಕ್ಕೊಪ್ಪುವ ಬಸಿ. ಮಗಳು ಚಂದ್ರಕಲಾ ರಾಯಚೂರಿನಿಂದ ತಂದುಕೊಟ್ಟ ಸೆಟ್ಟು, ಆರರಲ್ಲಿ ಐದು ಉಳಿದಿವೆ ಎಂದು ಬಂಡೆಮ್ಮ ವಿವರಿಸಿದಳು. ಗಂಡ ರೇವಣಸಿದ್ದ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದಾನೆ, ಅವನಿದ್ದಿದ್ದರೆ ನಾಲ್ಕು ಉಳಿಯುತ್ತಿದ್ದವು ಎಂದೂ ಸೇರಿಸಿದಳು. ವಿಶಾಖಾ ನಗುತ್ತ ಬಸಿಗೆ ಸುರಿದುಕೊಂಡು ಕುಡಿದಳು.

ಕುಟುಂಬದ ಜಾತಿ ಮತ್ತು ಧರ್ಮದ ಪುಟವನ್ನು ಚಹಾ ಆದ ಮೇಲೆ ತೆರೆಯಬೇಕೆಂಬುದು ಅವಳ ಅನುಭವ. ತೆರೆದಳು, ಕೇಳಿದಳು.

"ಕುರಿ ಕಾಯೋರ್ರಿ ನಾವು," ಎಂದಳು ಬಂಡೆಮ್ಮ. "ಯಾವ ಖಾನ್ಯಾಗ ಹಾಕ್ತೀರೋ ಹಾಕ್ರಿ." ಆಮೇಲೆ, ಜೀರಿಗೆಯ ಬಗ್ಗೆ ಕೇಳಿದಷ್ಟೇ ಸಹಜವಾಗಿ, "ನಿಮ್ದ್ರಿ?" ಎಂದಳು.

ಇಂಥ ಹೊತ್ತಿಗೆಂದೇ ತರಬೇತಿಯಲ್ಲಿ ಒಂದು ವಾಕ್ಯ ಕಲಿಸಿದ್ದರು: ಅದು ನಮ್ಮ ನಮೂನೆಯಲ್ಲಿ ಇಲ್ಲ. ವಿಶಾಖಾ ಅದನ್ನು ಹೇಳಬಹುದಿತ್ತು. ಆದರೆ ಎದುರಿನ ಹೆಂಗಸು ತನ್ನ ಒಳಲಂಗದ ಬೆಲೆಯವರೆಗೆ ಎಲ್ಲವನ್ನೂ ಹೇಳಿದ್ದಳು.

"ನಾವು ಬೌದ್ಧರ್ರಿ."

"ಹಂಗಂದ್ರ?"

"ಬುದ್ಧಗ ನಡಕೊಳ್ಳೋರು."

"ಛಲೋ ದೇವ್ರು. ಅದಕಿಂತ ಮುಂಚೆ ಯಾರಿಗೆ ನಡಕೊಳ್ತಿದ್ರಿ?"

ವಿಶಾಖಾ ಟ್ಯಾಬ್ ಮುಚ್ಚಿದಳು. "ನಮ್ಮ ಮುತ್ಯಾ ಹಲಗಿ ಬಾರಿಸ್ತಿದ್ದ್ರಿ," ಎಂದು ಅಜ್ಜನ ಕಸುಬು ಹೇಳಿದಳು.

"ಹೌದಾ?" ಎಂದಳು ಬಂಡೆಮ್ಮ. ಮುಖದಲ್ಲಿ ಸಿಟ್ಟಾಗಲಿ ಅಸಹ್ಯವಾಗಲಿ ಕಾಣಲಿಲ್ಲ. ನೆಲದ ಮೇಲಿದ್ದ ಖಾಲಿ ಕಪ್ಪನ್ನು ಒಮ್ಮೆ ನೋಡಿದಳು. "ಹಲಗಿ ಬಾರಿಸೋದು ಬಾಳ ತ್ರಾಸಿನ ಕೆಲಸ ಬಿಡವ್ವ, ರಟ್ಟಿ ಬಿದ್ದು ಹೋಗ್ತಾವ."

ವಿಶಾಖಾ ಎದ್ದು ಚಪ್ಪಲಿ ಮೆಟ್ಟಿ ಓಣಿ ತಿರುಗುವವರೆಗೂ ಆ ಕಪ್ಪು ಅಲ್ಲೇ ಇತ್ತು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗಲೂ ಯಾರೂ ಅದನ್ನು ಎತ್ತಿರಲಿಲ್ಲ.

ಎರಡನೆಯ ಭೇಟಿಗೆ ಹೋಗುವಾಗ ಬಸ್ಸಿನಲ್ಲಿ ಅವಳು ಚೀಕಲಪರ್ವಿಯ ನಾಯಿಯನ್ನು ನೆನೆದಳು. ಬಾಗಿಲು ತೆಗೆಯದಿದ್ದರೆ ಏನು ಮಾಡುವುದೆಂದು ಯೋಚಿಸಿದಳು. ಯೋಚನೆ ವ್ಯರ್ಥವಾಯಿತು. ಬಂಡೆಮ್ಮ ಕಟ್ಟೆಯ ಮೇಲೇ ಕಾಯುತ್ತಿದ್ದಳು.

"ಬಾ ಯವ್ವಾ, ಎಷ್ಟೊತ್ತು ಮಾಡ್ದಿ. ಬಿಸಲಾಗ ಬಂದು ಮಾರಿ ಬಾಡ್ಯಾದ ನೋಡು. ಉಮಾ, ಚಾ ಇಡು. ಹಾಲು ಜಾಸ್ತಿ ಹಾಕು."

ಕಳೆದ ಸಲದ 'ಮೇಡಂ' ಈ ಸಲ 'ಯವ್ವಾ' ಆಗಿತ್ತು. ಅದು ಸಲಿಗೆಯೋ ಇನ್ನೊಂದೋ ತಿಳಿಯಲು ನಮೂನೆಯಲ್ಲಿ ಖಾನೆ ಇರಲಿಲ್ಲ. ಚಹಾ ಬಂತು. ಶುಂಠಿ, ಏಲಕ್ಕಿ, ಗಟ್ಟಿ ಹಾಲು. ಮೊದಲ ಭೇಟಿಯ ಚಹಾಕ್ಕಿಂತ ಎಲ್ಲ ರೀತಿಯಲ್ಲೂ ಮೇಲು. ಬಂದದ್ದು ಪೇಪರ್ ಕಪ್ಪಿನಲ್ಲಿ. ಕೈ ಸುಡಬಾರದೆಂದು ಉಮಾಶ್ರೀ ಒಂದರೊಳಗೊಂದು ಎರಡು ಕಪ್ಪು ಇಟ್ಟಿದ್ದಳು. ಬಿಸ್ಕಿಟನ್ನು ತಟ್ಟೆಗೆ ಹಾಕದೆ ಪುಡಿಕೆಯ ಸಮೇತ ಮುಂದಿಟ್ಟಳು.

ಪಿಂಗಾಣಿ ಸೆಟ್ಟು ಒಡೆದಿರಬೇಕು ಎಂದುಕೊಂಡಳು ವಿಶಾಖಾ. ಅಷ್ಟರಲ್ಲಿ ಬಂಡೆಮ್ಮನ ಮಗ ಕನಕರಾಜ ಹೊರಗಿನಿಂದ ಬಂದು ಕೂತ. ಅವನಿಗೆ ನೀಲಿ ಹೂವಿನ ಕಪ್ಪು ಬಂತು. ಬಂಡೆಮ್ಮನಿಗೂ ಬಂತು. ಅವಳು ಬಸಿಗೆ ಸುರಿದು ಊದುತ್ತ, "ಕುಡಿಯವ್ವ, ಆರ್ತಾದ," ಎಂದಳು.

ವಿಶಾಖಾ ಚಿಕ್ಕವಳಿದ್ದಾಗ ಅವಳ ಅಪ್ಪ ಮೂಕಪ್ಪನಿಗೆ ಹೊಟೇಲಿನ ಹೊರಗೆ ಗೋಡೆಯ ಗೂಡಿನಲ್ಲಿಟ್ಟ ಗಾಜಿನ ಲೋಟದಲ್ಲಿ ಚಹಾ ಸಿಗುತ್ತಿತ್ತು. ಕುಡಿದು, ತೊಳೆದು, ಮತ್ತೆ ಗೂಡಿಗೇ ಇಡಬೇಕು. ಅದಕ್ಕೆ ಹೋಲಿಸಿದರೆ ಇಲ್ಲಿ ಪ್ರಗತಿಯಾಗಿತ್ತು. ಒಳಗೆ ಕೂಡಿಸಿದ್ದರು, ತೊಳೆಯುವ ಕೆಲಸವಿರಲಿಲ್ಲ. ಹೊರಡುವಾಗ ಬಂಡೆಮ್ಮ, "ಆ ಕಪ್ಪು ಹಂಗ ಹಿಡ್ಕೊಂಡು ಹೋಗವ್ವ, ದಾರ್ಯಾಗ ತಿಪ್ಪಿ ಅದ ನೋಡು, ಒಗದುಬಿಡು," ಎಂದಳು. ವಿಶಾಖಾ ಒಗೆದಳು. ಕೈಚೀಲದ ಟ್ಯಾಬಿನಲ್ಲಿ ಎರಡನೆಯ ಭೇಟಿ ಪೂರ್ತಿಯಾಗಿತ್ತು.

ಮಾನ್ವಿಯ ಮನೆಯಲ್ಲಿ ತಾಯಿ ಕನಕಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ಮುತ್ಯಾನ ಸುದ್ದಿ ಯಾಕ ತಗದಿ? ಅಕಿ ಕೇಳಿದ್ಲಂತ ಹೇಳಿಬಿಡೋದೇನು?"

"ಅಕಿ ಎಲ್ಲಾ ಹೇಳಿದ್ಲವ್ವ."

"ಅಕಿ ಜೀರಗಿ ಹೇಳಿದ್ಲು. ನೀ ಏನು ಹೇಳಿದಿ?" ಕನಕಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಚಾ ಬಿಸಿ ಇತ್ತಿಲ್ಲೋ?"

"ಇತ್ತು."

"ಮತ್ತ? ಇನ್ನೊಂದು ಸಲ ಹೋಗು. ಕುಡಿ, ಬರಿ, ಬಾ."

ಮೂರನೆಯ ಭೇಟಿಯಲ್ಲಿ ಹಾಲು, ಸಕ್ಕರೆಯ ಲೆಕ್ಕ ಮತ್ತೊಮ್ಮೆ ಆದ ಮೇಲೆ ದೇಶ ತಿಳಿಯಬಯಸಿದ್ದು ಸಾಬೂನು, ಕಡ್ಡಿಪೆಟ್ಟಿಗೆ, ಊದುಬತ್ತಿ, ಪೊರಕೆ ಮುಂತಾದವುಗಳ ಬಗ್ಗೆ. ಬಂಡೆಮ್ಮ ಎಂದಿನಂತೆ ಹೇಳುತ್ತ, ಕೇಳುತ್ತ ಹೋದಳು. ಪೊರಕೆಯಲ್ಲಿ ಎರಡು ಮನೆಗಳೂ ಸರಿಸಮ ಎಂದು ತಿಳಿದು ಸಂತೋಷಪಟ್ಟಳು. ಉಮಾಶ್ರೀ ಬಾಗಿಲಿಗೆ ಒರಗಿ ನಿಂತಿದ್ದಳು. ಪಿಯುಸಿವರೆಗೆ ಓದಿದವಳಾದ್ದರಿಂದ ಅತ್ತೆಯ ಲೆಕ್ಕ ತಪ್ಪಿದಲ್ಲಿ ತಿದ್ದುವುದು ಅವಳ ಪಾಲಿಗೆ ಬಂದಿತ್ತು.

ಟ್ಯಾಬಿನಲ್ಲಿ ಆ ಸಾಲು ಬಂತು. 'ಇತರೆ ಗೃಹಬಳಕೆ ವಸ್ತುಗಳು: ಬಳಸಿ ಬಿಸಾಡುವ ತಟ್ಟೆ, ಲೋಟ ಇತ್ಯಾದಿ.' ಅದನ್ನು ದಾಟಿ ಮುಂದೆ ಹೋಗಬಹುದಿತ್ತು. ಸೊನ್ನೆ ಒತ್ತಿದ್ದರೆ ಯಾವ ಸಮಿತಿಯೂ ಪತ್ತೆಹಚ್ಚುತ್ತಿರಲಿಲ್ಲ. ವಿಶಾಖಾ ತಗ್ಗಿಸಿದ ತಲೆ ಎತ್ತದೆ ಓದಿದಳು.

"ಈ ಮೂರು ತಿಂಗಳಾಗ ಪೇಪರ್ ಕಪ್ಪು, ತಟ್ಟಿ ಏನಾರ ತಂದೀರೇನ್ರಿ?"

"ತಂದೀವಲ್ಲ," ಎಂದಳು ಬಂಡೆಮ್ಮ, ಮರೆತದ್ದನ್ನು ನೆನಪಿಸಿದ್ದಕ್ಕೆ ಖುಷಿಯಾಗಿ. "ಒಂದು ಕಟ್ಟು. ಎಷ್ಟು ಬೇ ಉಮಾ?"

"ಐವತ್ತು ಕಪ್ಪಿನ ಕಟ್ಟು. ನಲವತ್ತೈದು ರೂಪಾಯಿ," ಎಂದಳು ಉಮಾಶ್ರೀ. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು ದನಿ ತಗ್ಗಿಸಿದಳು. "ಅತ್ತಿ ನಿಮಗಂತ ಒಂದು ಸ್ಟೀಲ್ ಲೋಟ ಬ್ಯಾರೆ ತಗದಿಟ್ಟಿದ್ಲು ಅಕ್ಕಾರ. ಹೊರಗಿನ ಕಿಟಕ್ಯಾಗ ಇಟ್ಟಿದ್ಲು. ನಾನೇ ಬ್ಯಾಡ ಅಂದೆ. ಕಲ್ತೋರದಾರ, ಮನಸಿಗೆ ಹತ್ತಿಸ್ಕೊಂತಾರ ಅಂತ ಹೇಳಿ ನಮ್ಮ ಮನಿಯವರ ಕಡಿಂದ ಕಪ್ಪು ತರಿಸಿದೆ."

ಅವಳ ಮುಖದಲ್ಲಿ ಒಂದು ನಿರೀಕ್ಷೆ ಇತ್ತು. ಮನೆಯಲ್ಲಿ ಅತ್ತೆಯ ಎದುರು ಮಾತಾಡಿ ಗೆದ್ದವಳ ಮುಖ ಅದು. ಇನ್ನು ಬರಬೇಕಾದ್ದು ಒಂದು ಒಳ್ಳೆಯ ಮಾತು ಮಾತ್ರ.

"ಎಲ್ಲಾರಿಗೂ ಅದರಾಗ ಕೊಡೋಣ, ಭೇದ ಕಾಣಂಗಿಲ್ಲ ಅಂದೆ," ಎಂದು ಮುಂದುವರಿಸಿದಳು. "ಅತ್ತಿ ಕೇಳ್ಲಿಲ್ಲ."

"ಎಲ್ಲಾರೂ ಕುಡದ್ರ ಕಟ್ಟು ಎಷ್ಟು ದಿನ ಬರ್ತಾದ?" ಎಂದಳು ಬಂಡೆಮ್ಮ. "ರೊಕ್ಕ ಏನು ಗಿಡದಾಗ ಬೆಳೀತಾವೇನು? ಬರ್ಕೊ ಯವ್ವಾ, ನಲವತ್ತೈದು. ನಿಮ್ಮನ್ಯಾಗ ತರ್ತೀರೇನು?"

"ಇಲ್ರಿ. ನಮ್ಮನಿಗೆ ಬಂದೋರಿಗೆ ಕಪ್ಪು ಬಸ್ಯಾಗ ಕೊಡ್ತೀವಿ."

"ಬಂದೋರು ಕುಡೀತಾರೇನು?"

ಕೇಳಿದ್ದರಲ್ಲಿ ವ್ಯಂಗ್ಯವಿರಲಿಲ್ಲ. ಮೂರು ತಿಂಗಳಿಂದ ಕೇಳುತ್ತ ಬಂದ ಪ್ರಶ್ನೆಗಳ ಸಾಲಿನಲ್ಲಿ ಇದೂ ಒಂದು. ಉತ್ತರ ಬಂದರೆ ತಲೆದೂಗಲು ಬಂಡೆಮ್ಮ ಸಿದ್ಧಳಾಗಿದ್ದಳು. ವಿಶಾಖಾ ಮನೆಗೆ ಬಂದವರನ್ನೆಲ್ಲ ನೆನೆದಳು. ಕೆಲಸ ಸಿಕ್ಕಾಗ ಅಭಿನಂದಿಸಲು ಬಂದ ಮೇಷ್ಟ್ರಿಗೆ ಆ ದಿನ ಉಪವಾಸವಿತ್ತು. ಜೊತೆಗೆ ಓದಿದ ಗೆಳತಿ ಹೊಟ್ಟೆ ಸರಿಯಿಲ್ಲವೆಂದಿದ್ದಳು. ಅಮೀನ್ ಎಂಬ ಮೀಟರ್ ಓದುವವನು ಕುಡಿಯುತ್ತಿದ್ದ, ಎರಡು ಸಲ ಕೇಳಿ ಹಾಕಿಸಿಕೊಂಡೂ ಕುಡಿಯುತ್ತಿದ್ದ.

"ಒಬ್ರು ಕುಡೀತಾರ್ರಿ," ಎಂದಳು.

ಬಂಡೆಮ್ಮ ತಲೆದೂಗಿದಳು. ಚಹಾ ಬಂತು. ವಿಶಾಖಾ ಕುಡಿದಳು, ನಲವತ್ತೈದು ಎಂದು ಒತ್ತಿದಳು, ಬಂಡೆಮ್ಮನ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡಳು. ಉಮಾಶ್ರೀ ಓಣಿಯ ತನಕ ಕಳಿಸಲು ಬಂದು, ಒಳ್ಳೆಯ ಮಾತಿಗೆ ಇನ್ನೂ ಸ್ವಲ್ಪ ಕಾದು, ಹಿಂದಿರುಗಿದಳು.

ವಾರದ ನಂತರ ಯಮನೂರಪ್ಪ ರಾಯಚೂರಿಗೆ ಕರೆಸಿದ. ಕಚೇರಿಯ ಗಣಕಯಂತ್ರ ಬಂಡೆಮ್ಮನ ಮನೆಗೆ ಕೆಂಪು ಗುರುತು ಹಾಕಿತ್ತು. ಮೊದಲ ತಿಂಗಳಿಗಿಂತ ಹಾಲು, ಸಕ್ಕರೆ, ಬಿಸ್ಕಿಟು ಏರಿದ್ದವು. ಜೊತೆಗೆ ಎಂದೂ ಇಲ್ಲದ ಪೇಪರ್ ಕಪ್ಪು. ಆದರೆ ಯಮನೂರಪ್ಪ ಸಿಟ್ಟಿನಲ್ಲಿರಲಿಲ್ಲ, ಬದಲಿಗೆ ಹುರುಪಿನಲ್ಲಿದ್ದ.

"ಇದು ಬಾಳ ಚಲೋ ಬೆಳವಣಿಗಿ ನೋಡ್ರಿ. ಹಳ್ಳಿ ಮಂದಿ ಜ್ವಾಳ ಅಕ್ಕಿ ಖರ್ಚು ಬಿಟ್ಟು ಇಂಥಾದ್ದಕ್ಕ ಬಂದಾರಂದ್ರ ಕೈಯಾಗ ರೊಕ್ಕ ಆಡಾಕತ್ಯಾದ ಅಂತ ಅರ್ಥ. ಸ್ವಚ್ಛತಾ ಬಗ್ಗೆ ತಿಳುವಳಿಕಿನೂ ಬಂದಾದ. ಮುಂದಿನ ಸಭಾದಾಗ ಇದನ್ನ ತೋರಿಸ್ತೀನಿ ನಾ. ಖರ್ಚು ಯಾಕ ಏರ್ತು, ಕಾರಣ ಅಷ್ಟ ಬರೀರಿ."

"ಅವು ನನಗ ಚಾ ಕೊಡಾಕ ತಂದಿದ್ದು ಸರ್."

"ಅಂದ್ರ?"

ವಿಶಾಖಾ ಹೇಳಿದಳು. ನಾಲ್ಕು ವಾಕ್ಯ ಸಾಕಾದವು. ಯಮನೂರಪ್ಪ ಕನ್ನಡಕ ತೆಗೆದು ಒರೆಸಿದ. ಕೆಟ್ಟ ಮನುಷ್ಯನಲ್ಲ; ಏನಾದರೂ ಹೇಳಬೇಕೆಂದು ಹುಡುಕಿದಂತಿತ್ತು. ಹುಡುಕಿದ್ದು ಸಿಗಲಿಲ್ಲ, ನಿಯಮ ಸಿಕ್ಕಿತು.

"ಅದನ್ನ ಹಂಗ ಬರೀಲಿಕ್ಕ ಬರಂಗಿಲ್ರಿ. ಸಮೀಕ್ಷಾ ಮಾಡಾಕ ಹೋದೋರಿಂದನ ಮನಿ ಖರ್ಚು ಬದಲಾತು ಅಂದ್ರ ಆ ಮನಿ ರದ್ದು ಮಾಡ್ತಾರ. ರದ್ದಾದ್ರ ಇದು ನಿಮ್ಮ ಮೂರನೇದು."

ಮೇಜಿನ ಮೇಲೆ ಮುಂದಿನ ಆರು ತಿಂಗಳ ಪಟ್ಟಿ ಇತ್ತು. ದೇವದುರ್ಗ ತಾಲ್ಲೂಕಿನ ಹನ್ನೊಂದು ಹಳ್ಳಿ, ಒಂದೊಂದರಲ್ಲಿ ಹದಿನೆಂಟು ಮನೆ, ಒಂದೊಂದು ಮನೆಗೆ ಮೂರು ಭೇಟಿ. ಹಳ್ಳಿಗಳ ಎದುರು ಸಮೀಕ್ಷಕರ ಹೆಸರಿನ ಜಾಗ ಖಾಲಿ ಬಿಟ್ಟಿತ್ತು.

ಕಾರಣದ ಖಾನೆಯಲ್ಲಿ ನಲವತ್ತು ಅಕ್ಷರಕ್ಕೆ ಅವಕಾಶವಿತ್ತು. ವಿಶಾಖಾ 'ಅತಿಥಿ ಸತ್ಕಾರ' ಎಂದು ಬರೆದಳು. ಕೆಂಪು ಗುರುತು ಹೋಯಿತು. ಬಂಡೆಮ್ಮನ ಮನೆ ಸ್ವೀಕೃತವಾಯಿತು. ಗುತ್ತಿಗೆ ಆರು ತಿಂಗಳು ಮುಂದುವರಿಯಿತು.